ಕಿಲಿಮಂಜಾರೊ ಹುತ್ತದಷ್ಟಾಗಿತ್ತು, ಈಗ ಬೆಟ್ಟವಾಯಿತು

ಆನೆಗಳ ಹಿಂದೆ ಕಿಲಿಮಂಜಾರೊ ಮುಗಿಲೆತ್ತರ ನಿಂತ ಚಿತ್ರ ಕೊನೆಗೂ ಸಿಕ್ಕಿತು. ಅದೂ ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ. "ಭೂದೃಶ್ಯಕ್ಕೆ ವೈಡ್ ಲೆನ್ಸ್, ಪ್ರಾಣಿಗೆ 600 ಎಂಎಂ ಟೆಲಿ ಒಯ್ಯಿರಿ ಸಾರ್, 100-400ರ ಝೂಮಿನಿಂದ ಎರಡೂ ಕೆಡುತ್ತದೆ" ಎಂದು ಕಬಿನಿ ಸಫಾರಿಯ ಜತೆಗಾರರು ಹೇಳಿದ್ದರು.

ಮೊದಲ ಸಲ, ಕಿಲಿಮಂಜಾರೊ ಕಾಣುವ ಕೆನ್ಯಾದ ಅಂಬೊಸೆಲಿ ಉದ್ಯಾನಕ್ಕೆ ಹೋದಾಗ ಅವರ ಮಾತನ್ನೇ ಕೇಳಿದೆ. 600ರ ಬಾಡಿಗೆಗೇ ಸುಮಾರು 25 ಸಾವಿರ, ಒಟ್ಟು ಖರ್ಚು ಮೂರೂವರೆ ಲಕ್ಷದ ಮೇಲೆ. ತಂದದ್ದು ಸೊಂಡಿಲು, ಕಣ್ಣು, ಚರ್ಮದ ಸುಕ್ಕು. ಅವು ಕಬಿನಿಯಲ್ಲೇ ಸಿಗುತ್ತವೆ. 24 ಎಂಎಂ ವೈಡ್ ಲೆನ್ಸಿನಲ್ಲಿ ತೆಗೆದದ್ದರಲ್ಲಿ 5,895 ಮೀಟರಿನ ಪರ್ವತ ಆನೆಯ ಹಿಂದೆ ಹುತ್ತದಷ್ಟಾಗಿತ್ತು. ಹೊಟ್ಟೆ ಉರಿಯಿತು.

ಎರಡನೇ ಸಲ, ಫೆಬ್ರವರಿಯಲ್ಲಿ, ಹಳೆಯ 100-400 ಒಂದನ್ನೇ ಒಯ್ದೆ. ಗುಂಪಿನ ವ್ಯಾನಿನಲ್ಲಿ ಯಾರಾದರೂ ಕಾಲು ಬದಲಿಸಿದರೂ ಕ್ಯಾಮೆರಾ ಅಲುಗುತ್ತದೆ. ದುಬಾರಿಯಾದರೂ ಗಾಡಿಯನ್ನು ಒಬ್ಬನೇ ಹಿಡಿದೆ. ಕ್ಯಾಮೆರಾ ಊರುವ ಬೀನ್‌ಬ್ಯಾಗ್ ಚೀಲವನ್ನು ಖಾಲಿ ಒಯ್ದು ನೈರೋಬಿಯ ಅಂಗಡಿಯಲ್ಲಿ ನಾಲ್ಕು ಕಿಲೋ ರಾಜ್ಮಾ ತುಂಬಿಸಿದೆ. ಮರಳುವಾಗ ಕಾಳು ಚಾಲಕರ ಮನೆಗೆ ಹೋಯಿತು.

ಉಳಿದ ಗಾಡಿಗಳು ಆನೆಗಳತ್ತ ಧಾವಿಸಿದರೆ ನಾನು "ಹಿಂದಕ್ಕೆ, ಇನ್ನೂ ಹಿಂದಕ್ಕೆ" ಎನ್ನುತ್ತಿದ್ದೆ. ಚಾಲಕರು ಎರಡು ದಿನ ನನ್ನ ಮುಖವನ್ನೇ ನೋಡಿದರು. ಆನೆಯಿಂದ ನೂರೈವತ್ತು ಮೀಟರ್ ದೂರ ಸರಿದರೆ ಆನೆ ಚಿಕ್ಕದಾಗುತ್ತದೆ, ಬೆಟ್ಟ ಇದ್ದಷ್ಟೇ ಇರುತ್ತದೆ. ಝೂಮನ್ನು 150 ಎಂಎಂ ಆಸುಪಾಸಿನಲ್ಲಿಟ್ಟರೆ ಎರಡೂ ಚೌಕಟ್ಟಿನೊಳಗೆ ಕೂರುತ್ತವೆ. ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿ ಆನೆಯ ಮೇಲೆ ಫೋಕಸ್ ಮಾಡಿದರೆ ಹಿಮವೂ ಸ್ಪಷ್ಟ. 400ಕ್ಕೆ ಹೋದರೆ ಆ ಸ್ಪಷ್ಟತೆ ಕೈತಪ್ಪುತ್ತದೆ.

ಐದು ಬೆಳಿಗ್ಗೆಗಳಲ್ಲಿ ಎರಡರಲ್ಲಿ ಮಾತ್ರ ಬೆಟ್ಟ ಕಂಡಿತು, ಅದೂ ಎಂಟೂವರೆಗೆ ಮೋಡದೊಳಗೆ ಮರೆಯಾಯಿತು. ಒಂಬತ್ತರ ಮೇಲೆ ನೆಲದ ಝಳ ಎದ್ದು ಆನೆಯ ಕಾಲುಗಳು ನೀರಿನಲ್ಲಿ ನಿಂತಂತೆ ನಡುಗುತ್ತವೆ. ಯಾವ ಬೆಲೆಯ ಲೆನ್ಸೂ ಅದಕ್ಕೆ ಮದ್ದಲ್ಲ. ಮಧ್ಯಾಹ್ನ ಹಟಕ್ಕೆ ದೃಶ್ಯವನ್ನು ಇನ್ನೂ ಹಿಗ್ಗಿಸುವ 1.4ರ ಎಕ್ಸ್‌ಟೆಂಡರ್ ಹಾಕಿ ತೆಗೆದ ಇನ್ನೂರು ಚಿತ್ರಗಳನ್ನೂ ಅಳಿಸಿದೆ.

ನಾಲ್ಕನೆಯ ಬೆಳಿಗ್ಗೆ ಹನ್ನೊಂದು ಆನೆಗಳು ಬತ್ತಿದ ಕೆರೆಯಂಗಳ ದಾಟಿ ಜೌಗಿನತ್ತ ಸಾಲಾಗಿ ನಡೆದವು. ಎಂಜಿನ್ ನಿಲ್ಲಿಸಿದೆವು. ಮುಂದಿನ ಹೆಣ್ಣಾನೆಯ ಪಾದದಿಂದ ಎದ್ದ ಬೂದು ಧೂಳು ಮರಿಯ ಬೆನ್ನಿನ ಮೇಲೆ ಇಳಿಯುವುದು ಕಾಣುತ್ತಿತ್ತು. ಗಾಡಿಯನ್ನು ಎಲ್ಲಿ ನಿಲ್ಲಿಸಿದ್ದೆ, ಆ ಸಾಲು ಅಲ್ಲಿಗೇ ಬರುವುದೆಂದು ಹೇಗೆ ತಿಳಿಯಿತು ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಅಲ್ಲೇ ಕ್ಯಾಮೆರಾವನ್ನು ಲಂಬವಾಗಿ ಹಿಡಿದು ಬೆಟ್ಟದ ಎಂಟು ತುಣುಕುಗಳನ್ನೂ ತೆಗೆದೆ. ಜೋಡಿಸಿದ ಚಿತ್ರ ಈಗ ನಮ್ಮ ನಡುಮನೆಯಲ್ಲಿದೆ, ಆರಡಿ ಅಗಲ. ಕಬಿನಿಯ ಜತೆಗಾರರು ಮೊನ್ನೆ ಬಂದು ಅದರ ಮುಂದೆ ಬಹಳ ಹೊತ್ತು ನಿಂತಿದ್ದರು.