ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜು ಕ್ಲಾಸು: ಅಮೆರಿಕದ ಡ್ಯುಯಲ್ ಎನ್‌ರೋಲ್‌ಮೆಂಟ್

ನಮ್ಮಲ್ಲಿ ಪಿಯುಸಿ ಮುಗಿಯದೆ ಡಿಗ್ರಿ ಕಾಲೇಜಿಗೆ ಕಾಲಿಡುವ ಹಾಗಿಲ್ಲ. ಅಮೆರಿಕದಲ್ಲಿ ಹತ್ತನೇ, ಹನ್ನೊಂದನೇ ಕ್ಲಾಸಿನ ಹುಡುಗರು ಮಧ್ಯಾಹ್ನದವರೆಗೆ ಸ್ಕೂಲಿಗೆ ಹೋಗಿ, ಸಂಜೆ ಊರಿನ ಕಮ್ಯುನಿಟಿ ಕಾಲೇಜಿನಲ್ಲಿ (ಹೆಚ್ಚಾಗಿ ಎರಡು ವರ್ಷದ ಸರಕಾರಿ ಕಾಲೇಜು) ಕ್ಯಾಲ್ಕ್ಯುಲಸ್ ಕಲಿಯುತ್ತಾರೆ. ಒಂದೇ ಕೋರ್ಸು ಹೈಸ್ಕೂಲಿನ ಲೆಕ್ಕಕ್ಕೂ ಬರುತ್ತದೆ, ಮುಂದೆ ಡಿಗ್ರಿಗೆ ಲೆಕ್ಕವಾಗುವ ಕಾಲೇಜಿನ ಕ್ರೆಡಿಟ್ಟೂ ಸಿಗುತ್ತದೆ. ಇದೇ ಡ್ಯುಯಲ್ ಎನ್‌ರೋಲ್‌ಮೆಂಟ್. ಕೆಲವು ಕಡೆ ಕಾಲೇಜಿಗೆ ಹೋಗಲೂ ಬೇಕಿಲ್ಲ, ಅದೇ ಪಾಠ ಹೈಸ್ಕೂಲಿನಲ್ಲೇ ನಡೆಯುತ್ತದೆ.

ದೇಶಕ್ಕೆಲ್ಲ ಒಂದೇ ನಿಯಮ ಅಂತ ಇಲ್ಲ, ಎಲ್ಲ ರಾಜ್ಯದ ಕೈಯಲ್ಲಿದೆ. ಡಲ್ಲಾಸ್‌ನ ಸ್ನೇಹಿತರು ಹೇಳಿದ್ದು ಸಿಯಾಟಲ್‌ನಲ್ಲಿ ನಡೆಯುವುದಿಲ್ಲ. ಮಿನೆಸೋಟ 1985ರಲ್ಲೇ ಪಿಎಸ್‌ಇಒ (ಪೋಸ್ಟ್ ಸೆಕೆಂಡರಿ ಎನ್‌ರೋಲ್‌ಮೆಂಟ್ ಆಪ್ಷನ್ಸ್) ಹೆಸರಿನಲ್ಲಿ ಶುರು ಮಾಡಿತು. ವಾಷಿಂಗ್ಟನ್ ರಾಜ್ಯದಲ್ಲಿ ಇದಕ್ಕೆ ರನ್ನಿಂಗ್ ಸ್ಟಾರ್ಟ್ ಅನ್ನುತ್ತಾರೆ. 11 ಮತ್ತು 12ನೇ ತರಗತಿಯವರಿಗೆ ಟ್ಯೂಷನ್ ಇಲ್ಲ, ಆದರೆ ಪುಸ್ತಕ, ಓಡಾಟ, ಸಣ್ಣಪುಟ್ಟ ಶುಲ್ಕ ಸಾಮಾನ್ಯವಾಗಿ ನಿಮ್ಮದೇ. ಫ್ಲಾರಿಡಾದ ಸರಕಾರಿ ಶಾಲೆಯ ಮಕ್ಕಳಿಗೆ ಪುಸ್ತಕವೂ ಬಿಟ್ಟಿ. ಒಹಾಯೊದ ಕಾಲೇಜ್ ಕ್ರೆಡಿಟ್ ಪ್ಲಸ್‌ನಲ್ಲಿ ಏಳನೇ ಕ್ಲಾಸಿನವರೂ ಅರ್ಜಿ ಹಾಕಬಹುದು. ಹಾಕಬಹುದು ಅಂತ ಹಾಕಲೇಬೇಕಾ? ಏಳನೇ ಕ್ಲಾಸಿನ ಮಗುವಿಗೆ ಅಂಥ ಅವಸರ ಏನಿದೆ ಅಂತ ನನಗಂತೂ ಅರ್ಥವಾಗಿಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಯೂನಿಟ್‌ಗೆ, ಅಂದರೆ ಒಂದು ಕ್ರೆಡಿಟ್‌ಗೆ, 46 ಡಾಲರ್. ಹೈಸ್ಕೂಲಿನವರಿಗೆ ಹೆಚ್ಚಿನ ಕಾಲೇಜುಗಳು ಅದನ್ನೂ ಬಿಟ್ಟುಬಿಡುತ್ತವೆ.

ದುಡ್ಡಿನ ವಿಷಯ ಅಷ್ಟೇ. ಅಮೆರಿಕದಲ್ಲಿರುವ ನಮ್ಮವರು ಎಡವುವುದು ಗ್ರೇಡಿನಲ್ಲಿ. ಹೈಸ್ಕೂಲಿನವರು ಬರೆಯುವ ಕಾಲೇಜು ಮಟ್ಟದ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಪರೀಕ್ಷೆಯನ್ನೇ ನೋಡಿ. ಮೇ ತಿಂಗಳಲ್ಲಿ ಕೂತು ಬರೆದು 5ಕ್ಕೆ 2 ಬಂತು ಅನ್ನಿ, ಆ ಸ್ಕೋರನ್ನು ಕಾಲೇಜಿಗೆ ಕಳಿಸದೆ ಸುಮ್ನೆ ಇರಬಹುದು. ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಹಾಗೆ ಮುಚ್ಚಿಡಲು ಆಗದು. ಹದಿನೈದನೇ ವಯಸ್ಸಿನಲ್ಲಿ ಕೆಮಿಸ್ಟ್ರಿಯಲ್ಲಿ ಬಂದ ಸಿ ಪ್ಲಸ್ ಕಾಲೇಜಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಧಿಕೃತ ಅಂಕಪಟ್ಟಿಯಲ್ಲಿ, ಶಾಶ್ವತವಾಗಿ ಕೂರುತ್ತದೆ. ಮಗ ಮುಂದೆ ಡಾಕ್ಟರ್ ಆಗಬೇಕು ಅಂದರೆ ಇನ್ನೂ ಹುಷಾರಾಗಿರಿ. ಮೆಡಿಕಲ್ ಕಾಲೇಜುಗಳ ಎಎಂಸಿಎಎಸ್ ಅರ್ಜಿಯಲ್ಲಿ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಕೋರ್ಸನ್ನೂ ಗ್ರೇಡ್ ಸಮೇತ ತೋರಿಸಲೇಬೇಕು. ಅದಕ್ಕೇ ನನ್ನ ಅಭಿಪ್ರಾಯ: ಮೊದಲ ಸೆಮಿಸ್ಟರಿನಲ್ಲಿ ಒಂದೇ ಕೋರ್ಸು, ಅದೂ ಮಗುವಿಗೆ ನಿಜವಾಗಿ ಇಷ್ಟ ಇರುವುದು. ಪಕ್ಕದ ಮನೆಯವಳು ನಾಲ್ಕು ತಗೊಂಡಳು ಅನ್ನುವುದು ಕಾರಣವೇ ಅಲ್ಲ.

ಇನ್ನೊಂದು ಬದಲಾವಣೆ ಅಪ್ಪ ಅಮ್ಮಂದಿರಿಗೆ ಕಷ್ಟವಾಗುತ್ತದೆ. ಹೈಸ್ಕೂಲಿನ ಆ್ಯಪಿನಲ್ಲಿ ಪ್ರತಿ ಕ್ವಿಜ್ಜಿನ ಅಂಕವೂ ನಮ್ಮ ಫೋನಿಗೆ ಬರುತ್ತಿತ್ತು, ಅಲ್ವಾ? ಕಾಲೇಜಿನಲ್ಲಿ ಆ ಕಿಟಕಿ ಮುಚ್ಚಿತು. ಫೆರ್ಪಾ ಎಂಬ ಫೆಡರಲ್ ಕಾನೂನಿನ ಪ್ರಕಾರ, ಕಾಲೇಜಿಗೆ ಸೇರಿದ ವಿದ್ಯಾರ್ಥಿಗೆ ಹದಿನೆಂಟು ತುಂಬಿರದಿದ್ದರೂ, ಕಾಲೇಜಿನ ದಾಖಲೆಯ ಹಕ್ಕು ಅವರದೇ. "ನನ್ನ ಮಗಳಿಗೆ ಮಿಡ್‌ಟರ್ಮಿನಲ್ಲಿ ಎಷ್ಟು ಬಂತು?" ಎಂದು ನೀವು ಇಮೇಲ್ ಹಾಕಿದರೆ ಪ್ರೊಫೆಸರರು ಉತ್ತರ ಕೊಡುವುದಿಲ್ಲ. ಕೋಪ ಬೇಡ, ಅದು ಅವರ ಒರಟುತನ ಅಲ್ಲ. ಮಗಳೇ ಆಫೀಸ್ ಅವರ್ಸಿಗೆ (ವಿದ್ಯಾರ್ಥಿಗಳನ್ನು ಕಾಣಲು ಪ್ರೊಫೆಸರರು ಇಟ್ಟ ಸಮಯ) ಹೋಗಿ ಕೇಳಬೇಕು. ಹೋಮ್‌ವರ್ಕ್ ಬಾಕಿ ಇದೆ ಅಂತ ಅಲ್ಲಿ ಯಾರೂ ನೆನಪಿಸುವುದಿಲ್ಲ, ಮೊದಲ ದಿನ ಕೊಟ್ಟ ಸಿಲಬಸ್ಸಿನಲ್ಲಿ ಎಲ್ಲ ತಾರೀಖೂ ಇರುತ್ತದೆ. ಕೋರ್ಸು ಕೈಗೆ ಹತ್ತುತ್ತಿಲ್ಲ ಅನಿಸಿದರೆ ಡ್ರಾಪ್ ಮಾಡುವ ಕೊನೆಯ ದಿನದ ಒಳಗೆ ಬಿಡಬೇಕು. ಅದು ದಾಟಿದ ಮೇಲೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಡಬ್ಲ್ಯೂ, ಅಂದರೆ ವಿತ್‌ಡ್ರಾ ಆದ ಗುರುತು, ಬೀಳುತ್ತದೆ. ಎಫ್ ಬರುವುದಕ್ಕಿಂತ ಅದೇ ವಾಸಿ.

ಕ್ರೆಡಿಟ್ಟು ಮುಂದೆ ನಡೆಯುತ್ತದೆಯೇ? ಅದೇ ರಾಜ್ಯದ ಸರಕಾರಿ ಯೂನಿವರ್ಸಿಟಿಯಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ದೊಡ್ಡ ಹೆಸರಿನ ಎಷ್ಟೋ ಖಾಸಗಿ ಯೂನಿವರ್ಸಿಟಿಗಳು ಹೈಸ್ಕೂಲ್ ಡಿಪ್ಲೊಮಾಕ್ಕೆ ಲೆಕ್ಕ ಹಿಡಿದ ಕೋರ್ಸಿಗೆ ಕ್ರೆಡಿಟ್ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದವರು ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಯಾವ ಕೋರ್ಸು ಯಾವ ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್ಸಿನಲ್ಲಿ) ಸಲ್ಲುತ್ತದೆ ಅಂತ ನೋಡಿಕೊಳ್ಳಬಹುದು. ಕ್ರೆಡಿಟ್ ಜಾಸ್ತಿ ಆದರೆ ಫ್ರೆಶ್‌ಮನ್ (ಮೊದಲ ವರ್ಷದ ವಿದ್ಯಾರ್ಥಿ) ಆಗಿ ಅರ್ಜಿ ಹಾಕಲು ಬಿಡುತ್ತಾರೋ ಇಲ್ಲವೋ ಅನ್ನುವ ಭಯ ಹಲವರಿಗಿದೆ. ಹೈಸ್ಕೂಲ್ ಮುಗಿಯುವ ಮೊದಲು ತೆಗೆದುಕೊಂಡಿದ್ದಾದರೆ ಯುಸಿಯಲ್ಲಿ ಅದರಿಂದ ತೊಂದರೆ ಇಲ್ಲ.

ಎಚ್-4 ವೀಸಾದ (ಎಚ್-1ಬಿಯಲ್ಲಿ ಕೆಲಸ ಮಾಡುವವರ ಕುಟುಂಬದ ವೀಸಾ) ಮಕ್ಕಳೂ ಓದಬಹುದು, ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಯಿಸಬೇಕಿಲ್ಲ. ಫೀಸು ಮಾತ್ರ ಆ ರಾಜ್ಯದ ರೆಸಿಡೆನ್ಸಿ (ಅಲ್ಲಿನ ನಿವಾಸಿ ಎಂದು ಯಾರನ್ನು ಪರಿಗಣಿಸುತ್ತಾರೆ ಎಂಬ) ನಿಯಮದ ಮೇಲೆ ಹೋಗುತ್ತದೆ, ಕಾಲೇಜಿನಿಂದ ಬರಹದಲ್ಲೇ ಕೇಳಿ ತಗೊಳ್ಳಿ.

ಶುರು ಮಾಡುವುದು ಸ್ಕೂಲ್ ಕೌನ್ಸೆಲರ್ ಹತ್ತಿರ. ಬಹಳ ಕಡೆ ಅವರ ಸಹಿ ಇಲ್ಲದೆ ಫಾರ್ಮ್ ಮುಂದೆ ಹೋಗುವುದಿಲ್ಲ. ಬೇಸಿಗೆ ರಜೆಯಲ್ಲಿ ಅವರು ಸಿಗುವುದು ಕಷ್ಟ, ಹಾಗಾಗಿ ಸೆಪ್ಟೆಂಬರಿನ ಕ್ಲಾಸಿಗೆ ಮಾರ್ಚ್, ಏಪ್ರಿಲ್‌ನಲ್ಲೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಹನ್ನೆರಡನೇ ಕ್ಲಾಸು ಮುಗಿದ ಮೇಲೆ ಕಮ್ಯುನಿಟಿ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ತಾನಾಗಿಯೇ ಯೂನಿವರ್ಸಿಟಿಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಹೈಸ್ಕೂಲಿನದು ಬೇರೆ, ಇದು ಬೇರೆ. ಕೊನೆಯ ಗ್ರೇಡು ಏರಿದ ಮೇಲೆ ಮಗುವೇ ಕಾಲೇಜಿನ ಪೋರ್ಟಲ್‌ಗೆ ಹೋಗಿ ಅಫಿಷಿಯಲ್ ಟ್ರಾನ್ಸ್‌ಕ್ರಿಪ್ಟ್ ಕಳಿಸಲು ಹೇಳಬೇಕು.