ಗೇಟಿನ ಮೆಟ್ಟಿಲಿಗೆ ಒಂದು ಹಲಗೆ

ಸ್ಕೂಟರನ್ನು ಗೇಟಿನ ಮೆಟ್ಟಿಲು ಹತ್ತಿಸಲು ದಿನವೂ ಸೊಂಟ ಮುರಿದುಕೊಳ್ಳುವವರು ಮೂರು ಅಡಿ ಉದ್ದದ, ಒಂದೂವರೆ ಇಂಚು ದಪ್ಪದ ಹಲಗೆಯೊಂದನ್ನು ಓರೆಯಾಗಿ ಇಟ್ಟು ತಳ್ಳಿ ನೋಡಿ. ಅರ್ಧ ಅಡಿ ಎತ್ತರವನ್ನು ಮೂರು ಅಡಿ ಇಳಿಜಾರಿನಲ್ಲಿ ಏರಿದರೆ ಬೇಕಾಗುವ ಬಲ ತೂಕದ ಆರನೇ ಒಂದು ಭಾಗ. 110 ಕಿಲೋ ಸ್ಕೂಟರಿಗೆ ಹದಿನೆಂಟು ಕಿಲೋ ಎತ್ತುವಷ್ಟು ಶ್ರಮ, ಘರ್ಷಣೆಗೆಂದು ಮೇಲೆ ಚೂರು. ಶ್ರಮ ಮಾಯವಾಗುವುದಿಲ್ಲ, ದೂರಕ್ಕೆ ಹಂಚಿಹೋಗುತ್ತದೆ, ಅಷ್ಟೇ. ನಮ್ಮ ಬೆಂಗಳೂರಿನ ಗಲ್ಲಿಗಳಲ್ಲಿ ತೊಡಕು ಬೇರೆಯೇ: ಮೆಟ್ಟಿಲು ಒಂದು ಅಡಿ ಇದ್ದರೆ ಹಲಗೆ ಆರು ಅಡಿ ಬೇಕು, ಅದು ಎದುರು ಮನೆಯವರ ಕಾರಿಗೆ ತಾಗುತ್ತದೆ. ಗಿಡ್ಡ ಹಲಗೆ ಇಟ್ಟರೆ ಏರು ಕಡಿದಾಗಿ, ಗಾಡಿಯ ಹೊಟ್ಟೆ ಮೆಟ್ಟಿಲಿನ ಅಂಚಿಗೆ ಉಜ್ಜುತ್ತದೆ. ಸಂಜೆ ಮಳೆಯಲ್ಲಿ ನೆನೆದ ಹಲಗೆಯಂತೂ ಸೋಪು ಹಚ್ಚಿದಂತೆ. ಪಂಕ್ಚರ್ ಅಂಗಡಿಯಲ್ಲಿ ಹಳೆಯ ಟ್ಯೂಬು ಕೇಳಿ ತಂದು, ಸೀಳಿ, ಅಡ್ಡಡ್ಡ ಪಟ್ಟಿಗಳಾಗಿ ಮೇಲೆ ಬಡಿಯಿರಿ. ಮೊಳೆಗಳು ಅಂಚಿನಲ್ಲಿರಲಿ, ಚಕ್ರ ಹಾಯುವ ನಡುವಿನಲ್ಲಿ ಬೇಡ. ಹಲಗೆಯ ಕೆಳತುದಿಗೆ ಇಟ್ಟಿಗೆ ಒತ್ತು ಕೊಡಿ, ಇಲ್ಲದಿದ್ದರೆ ಮುಂದಿನ ಚಕ್ರ ಏರುವಾಗಲೇ ಹಿಂದಕ್ಕೆ ಜಾರುತ್ತದೆ. ಸೆಂಟ್ರಿಂಗ್ ಕೆಲಸದಲ್ಲಿ ಉಳಿದ ತೆಳು ಪ್ಲೈವುಡ್ ಬೇಡವೇ ಬೇಡ, ನಡುವೆ ಬಾಗಿ ಮುರಿಯುತ್ತದೆ.