ಬಾಣಂತನಕ್ಕೆ ಹೊರಟಾಗ ತೆರೆದು ನೋಡಿದ ಪಾಸ್‌ಪೋರ್ಟ್

"ಅವ್ವಾ, ಟಿಕೀಟ ನೋಡಾಕತ್ತೇನಿ, ನಿನ್ನ ಪಾಸ್‌ಪೋರ್ಟಿಂದು ಒಂದು ಫೋಟೊ ತಗದು ಕಳಸು" ಎಂದು ಸಿಂಗಾಪುರದಿಂದ ಮಗಳು ಫೋನ್ ಮಾಡಿದ್ದು 2025ರ ಆಗಸ್ಟ್ ಮೊದಲ ವಾರ. ಡಿಸೆಂಬರ್‌ನಲ್ಲಿ ಅವಳ ಹೆರಿಗೆ. ನವೆಂಬರ್ ನಡುವಿಗೆ ನಾನು ಹೊರಡುವುದೆಂದು ಮಾತಾಗಿತ್ತು. ತಿಜೋರಿಯಿಂದ ಪಾಸ್‌ಪೋರ್ಟ್ ತೆಗೆದು ನೋಡಿದೆ. 2026ರ ಮಾರ್ಚ್‌ವರೆಗೆ ಅವಧಿ ಇತ್ತು. ಹೋಗಿ ಬರಲು ಸಾಕಲ್ಲ ಅಂದುಕೊಂಡು ಫೋಟೊ ಕಳಿಸಿದೆ.

ಹತ್ತು ನಿಮಿಷಕ್ಕೆ ಮತ್ತೆ ಅವಳ ಫೋನ್. "ಇದು ನಡಿಯೂದಿಲ್ಲವ್ವಾ. ಇಲ್ಲಿಗೆ ಬರಬೇಕಂದ್ರ ಇನ್ನೂ ಆರು ತಿಂಗಳರ ಅವಧಿ ಉಳಿದಿರಬೇಕು." ನವೆಂಬರ್‌ಗೆ ನನ್ನದರಲ್ಲಿ ಉಳಿಯುತ್ತಿದ್ದುದು ನಾಲ್ಕೇ ತಿಂಗಳು. ಅವಳು ಗಮನಿಸದೆ ಟಿಕೆಟ್ ಕೊಂಡಿದ್ದರೆ ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲೇ ನನ್ನನ್ನು ವಾಪಸು ಕಳಿಸುತ್ತಿದ್ದರು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಹೊಸದಕ್ಕೆ ಅರ್ಜಿ ಹಾಕಬಹುದು ಎಂಬುದು ನನಗೆ ತಿಳಿದದ್ದೂ ಆಗಲೇ. ಇದನ್ನು ಓದುತ್ತಿರುವವರು ದಯವಿಟ್ಟು ಟಿಕೆಟ್ ಮಾತು ಎತ್ತುವ ಮೊದಲು ಒಮ್ಮೆ ನಿಮ್ಮದನ್ನು ತೆರೆದು ತಾರೀಖು ನೋಡಿರಿ.

ನನ್ನ ಹಳೆಯ ಪಾಸ್‌ಪೋರ್ಟ್ 2016ರದ್ದು. ಆಗ ಗದಗಿನಲ್ಲಿ ಶಾಲೆಯ ನೌಕರಿ, ಅಲ್ಲೇ ಬಾಡಿಗೆ ಮನೆ. ಅರ್ಜಿಯನ್ನು ಒಂದು ಆನ್‌ಲೈನ್ ಸೆಂಟರಿನವರ ಕೈಲಿ ತುಂಬಿಸಿದ್ದೆ. ಅವರು ನನ್ನ ಇ-ಮೇಲ್ ಕೇಳದೆ ತಮ್ಮದನ್ನೇ ಹಾಕಿದ್ದರು. ಈಗ ಹಳೆಯ ಖಾತೆ ತೆರೆಯಹೋದರೆ ಪಾಸ್‌ವರ್ಡ್ ಬದಲಿಸುವ ಕೊಂಡಿ ಅವರ ಇ-ಮೇಲ್‌ಗೆ ಹೋಗುತ್ತದೆ. ಆ ಅಂಗಡಿಯೇ ಈಗ ಇಲ್ಲ. ನನ್ನ ಹೆಸರು, ಹುಟ್ಟಿದ ದಿನ, ಮನೆಯ ವಿಳಾಸ ಯಾರದೋ ಖಾತೆಯಲ್ಲಿ ಕುಳಿತಿದೆ ಎಂದು ನೆನೆದರೆ ಇಂದಿಗೂ ಬೇಸರವಾಗುತ್ತದೆ. ಈ ಸಲ ನಾನೇ ತುಂಬುವೆ ಎಂದು ನಿಶ್ಚಯಿಸಿದೆ. passportindia ಎಂದು ಹುಡುಕಿದರೆ ಅದೇ ತೆರನ ಹೆಸರಿನ ಬೇರೆ ಜಾಲತಾಣಗಳೂ ಎದುರಾಗುತ್ತವೆ. ಕೊನೆಗೆ ಡಾಟ್ ಗೌ ಡಾಟ್ ಇನ್ ಇದ್ದರಷ್ಟೇ ಅದು ಸರಕಾರದ್ದು. ಅಲ್ಲಿ ನನ್ನದೇ ಮೊಬೈಲ್ ನಂಬರ್, ನನ್ನದೇ ಇ-ಮೇಲ್ ಕೊಟ್ಟು ಹೊಸ ಖಾತೆ ತೆರೆದೆ.

ನಾವು 'ರಿನ್ಯೂವಲ್' ಅನ್ನುತ್ತೇವೆ, ಆದರೆ ಅರ್ಜಿಯಲ್ಲಿ ಆರಿಸಬೇಕಾದದ್ದು 'ರೀ-ಇಶ್ಯೂ'. ನನಗೆ ಹೆಚ್ಚು ಹೊತ್ತು ಹಿಡಿದದ್ದು ಹೆಸರಿನ ಕಾಲಂ. ನಮ್ಮ ಕಡೆ ಹೆಸರು, ನಡುವೆ ತಂದೆಯದೋ ಗಂಡನದೋ ಹೆಸರು, ಕೊನೆಗೆ ಅಡ್ಡಹೆಸರು. ಪಾಸ್‌ಪೋರ್ಟಿನಲ್ಲಿ ಮೊದಲ ಎರಡೂ ಸೇರಿ ಒಂದು ಕಾಲಂ, ಅಡ್ಡಹೆಸರಿಗೆ ಇನ್ನೊಂದು. ನನ್ನ ಆಧಾರ್‌ನಲ್ಲಿ ನಡುವಿನ ಹೆಸರೇ ಇರಲಿಲ್ಲ, ವಿಳಾಸವೂ ಗದಗಿನದೇ. ನಿವೃತ್ತಿಯಾಗಿ ಧಾರವಾಡದ ಸ್ವಂತ ಮನೆಗೆ ಬಂದಮೇಲೂ ಬದಲಿಸಿರಲಿಲ್ಲ. ಹಾಗಾಗಿ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ, ಹಳೆಯ ಪಾಸ್‌ಪೋರ್ಟನ್ನೇ ದಾಖಲೆಯಾಗಿ ತೋರಿಸಿ ಹೆಸರು ಸರಿಮಾಡಿಸಿ, ವಿಳಾಸ ಬದಲಿಸಿದೆ. ಅದು ಆಗುವವರೆಗೆ ಪಾಸ್‌ಪೋರ್ಟ್ ಅರ್ಜಿ ಕಳಿಸಲಿಲ್ಲ. ಎರಡರಲ್ಲಿ ಎರಡು ತರಹ ಹೆಸರಿದ್ದರೆ ಕೌಂಟರಿನಲ್ಲಿ ನಿಲ್ಲಿಸುತ್ತಾರೆ.

ಇನ್ನೊಂದು ಸಂದೇಹ ಹುಟ್ಟಿದ ಊರಿನದು. ನಾನು ಹುಬ್ಬಳ್ಳಿಯಲ್ಲಿ ಹುಟ್ಟಿದವಳು. ಇಂಗ್ಲಿಷಿನಲ್ಲಿ 'ಹುಬ್ಲಿ' ಆಗಿದ್ದದ್ದು 2014ರ ನವೆಂಬರ್ 1ರಿಂದ ಅಧಿಕೃತವಾಗಿ 'ಹುಬ್ಬಳ್ಳಿ' ಆಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಮಾತ್ರ ಹಳೆಯ ಹೆಸರೇ ಇತ್ತು. ಊರಿನ ಸರಿಯಾದ ಹೆಸರು ಬರಲಿ ಎಂದು ಮನಸ್ಸು ಬಯಸಿತು. ಆದರೆ ಹುಟ್ಟಿದ ಸ್ಥಳದ ಕಾಲಂ ಮುಟ್ಟಿದರೆ ಹೆಚ್ಚಿನ ದಾಖಲೆ, ಹೆಚ್ಚಿನ ಪ್ರಶ್ನೆ. ಹೆರಿಗೆಯ ದಿನ ಎದುರಿಗಿಟ್ಟುಕೊಂಡು ಅದನ್ನು ಮಾಡುವುದು ಬೇಡವೆಂದು ಹಾಗೇ ಬಿಟ್ಟೆ. ವಿಳಾಸ ಬದಲಾವಣೆ ಒಂದನ್ನೇ ಗುರುತು ಮಾಡಿದೆ.

36 ಪುಟದ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಮೇಲೆ 2,000. ನನಗೆ ಸಮಯವಿದ್ದುದರಿಂದ ಸಾಮಾನ್ಯವೇ ಸಾಕಾಯಿತು. ಅರವತ್ತು ದಾಟಿದವರಿಗೆ ಹತ್ತು ಪ್ರತಿಶತ ರಿಯಾಯಿತಿ ಇರುವುದು ಮೊದಲ ಸಲ ಮಾಡಿಸುವವರಿಗೆ ಮಾತ್ರ, ನಮಗಿಲ್ಲ. ಹಣ ಕಟ್ಟಿದ ಮೇಲೆ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಬೆಳಗಿನ ಹೊತ್ತು ಸಿಕ್ಕಿತು.

ಆ ದಿನ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಸ್ಟೇಶನ್ನಿನಿಂದ ಆಟೊ ಹಿಡಿದೆ. ಫೋಟೊ ಒಯ್ಯುವುದು ಬೇಕಿಲ್ಲ, ಅವರೇ ತೆಗೆಯುತ್ತಾರೆ. ಹಿಂದಿನ ಪರದೆ ಬಿಳಿ ಇರುತ್ತದೆಂದು ನಾನು ದಟ್ಟ ಹಸಿರು ಇಳಕಲ್ ಸೀರೆ ಉಟ್ಟಿದ್ದೆ. ಒಳಗೆ ಟೋಕನ್ ಕೊಟ್ಟು ಎ, ಬಿ, ಸಿ ಎಂದು ಮೂರು ಹಂತದ ಕೌಂಟರುಗಳಿಗೆ ಕಳಿಸುತ್ತಾರೆ. ಎ ಕೌಂಟರಿನಲ್ಲಿ ಚಷ್ಮಾ ತೆಗೆಸಿ ಫೋಟೊ, ನಂತರ ಬೆರಳಚ್ಚು. ನನ್ನ ಬಲಗೈ ಹೆಬ್ಬೆರಳು ಯಂತ್ರಕ್ಕೆ ಹತ್ತಲೇ ಇಲ್ಲ. ಮೂವತ್ತು ವರ್ಷ ಸುಣ್ಣದ ಕಡ್ಡಿ ಹಿಡಿದ ಬೆರಳು, ತುದಿಯ ಗೆರೆಗಳು ಸವೆದು ನುಣುಪಾಗಿವೆ. ಕೂತಿದ್ದ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. "ಅಂಟೀ, ಕೈ ಒಂದೀಟು ತಿಕ್ಕಿ ಬೆಚ್ಚಗ ಮಾಡ್ಕೋರಿ, ಅವಸರ ಇಲ್ಲ" ಅಂದಳು. ನಾಲ್ಕನೆಯ ಸಲಕ್ಕೆ ಹಸಿರು ಗೆರೆ ಮೂಡಿತು. ಆ ಮಗುವಿನ ಸಮಾಧಾನ ನನಗೆ ಇನ್ನೂ ನೆನಪಿದೆ.

ಬಿ ಕೌಂಟರಿನಲ್ಲಿ ಮೂಲ ದಾಖಲೆ ನೋಡಿದರು. ಹಳೆಯ ಪಾಸ್‌ಪೋರ್ಟಿನ ಮೊದಲ ಎರಡು, ಕೊನೆಯ ಎರಡು ಪುಟಗಳ ಜೆರಾಕ್ಸ್‌ಗೆ ನಾನೇ ಸಹಿ ಮಾಡಿ ಒಯ್ದಿದ್ದೆ. ಸಿ ಕೌಂಟರಿನಲ್ಲಿ ನನ್ನ ಕಳವಳ ಬೇರೆಯೇ. ಆ ಪಾಸ್‌ಪೋರ್ಟಿನಲ್ಲಿ ಮಗನ ಹತ್ತಿರ ಹೋಗಲು 2017ರಲ್ಲಿ ಸಿಕ್ಕ ಹತ್ತು ವರ್ಷದ ಅಮೆರಿಕ ವೀಸಾ ಇತ್ತು. ರದ್ದು ಮಾಡಿದರೆ ಅದೂ ಹೋಗುತ್ತದೇನೋ ಎಂದು ಕೇಳಿದೆ. ಪಾಸ್‌ಪೋರ್ಟ್ ರದ್ದಾದರೂ ವೀಸಾ ನಡೆಯುತ್ತದೆ, ಪ್ರಯಾಣದಲ್ಲಿ ಹಳೆಯದು ಹೊಸದು ಎರಡೂ ಒಯ್ಯಿರಿ ಎಂದರು. ವೀಸಾ ಪುಟಕ್ಕೆ ಪೆಟ್ಟು ತಾಗದಂತೆ ಹೊದಿಕೆಯ ಮೂಲೆಯನ್ನಷ್ಟೇ ಕತ್ತರಿಸಿ, ಮುದ್ರೆ ಒತ್ತಿ ಕೈಗಿತ್ತರು.

ವಿಳಾಸ ಬದಲಾದದ್ದರಿಂದ ಪೊಲೀಸ್ ಪರಿಶೀಲನೆ ಬಂತು. ಠಾಣೆಯಿಂದ ಒಬ್ಬರು ಮನೆಗೇ ಬಂದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಆಧಾರ್ ನೋಡಿ, ಓಣಿಯ ಇಬ್ಬರನ್ನು ವಿಚಾರಿಸಿ ಹೋದರು. ಚಹಾ ಕೊಟ್ಟೆ, ಅದರ ಹೊರತು ಏನೂ ಕೊಡಲಿಲ್ಲ, ಅವರೂ ಕೇಳಲಿಲ್ಲ. ಮನೆಗೆ ಬಂದಾಗ ನೀವು ಊರಲ್ಲಿರಬೇಕು, ಇಷ್ಟೇ. ಆ ವಾರ ಗದಗಿನ ತಂಗಿಯ ಮನೆಗೆ ಹೋಗುವುದನ್ನು ನಾನು ಮುಂದೆ ಹಾಕಿದ್ದೆ.

ಸ್ಪೀಡ್ ಪೋಸ್ಟ್ ತಂದ ಅಂಚೆಯಣ್ಣ ಗುರುತಿನ ಚೀಟಿ ನೋಡಿ ನನ್ನ ಕೈಗೇ ಕೊಟ್ಟ. ಹೊದಿಕೆಯ ಮೇಲೆ ಪುಟ್ಟ ಬಂಗಾರ ಬಣ್ಣದ ಗುರುತು, ಅಂದರೆ ಒಳಗೆ ಚಿಪ್ ಇರುವ ಹೊಸ ನಮೂನೆ. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದೆ. ಹೆಸರು, ಹುಟ್ಟಿದ ದಿನ, ಧಾರವಾಡದ ಮನೆ ನಂಬರ್, ಎಲ್ಲ ಸರಿ. ಹೊಸ ನಂಬರ್ ಮಗಳಿಗೆ ಕಳಿಸಿದೆ. ಟಿಕೆಟ್, ವೀಸಾ ಎರಡಕ್ಕೂ ಅದೇ ಬೇಕಿತ್ತು. ಆಮೇಲೆ ಬಾಣಂತಿಗೆ ಕೊಡುವ ಅಂಟಿನ ಉಂಡಿಗೆ ಒಣಕೊಬ್ಬರಿ ತರಲು ಪ್ಯಾಟಿಗೆ ಹೊರಟೆ.